ಕರಿಮಣ್ಣಿನ ನಾಡಿನ ಬಿಳಿ

ಬೀದರ ಜಿಲ್ಲೆಯಲ್ಲಿ ಬಿಳಿ ಅರಿವಿ ಉಟ್ಟು ದಿನ ಕಳೆಯುವುದು ಸಣ್ಣ ಹಟವಲ್ಲ. ಬೀದರ ಶಹರು ಕೂತಿರುವುದೇ ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಕೋಟೆಯ ಗೋಡೆ ಅದೇ ಕಲ್ಲು, ಹಳೇ ಓಣಿಗಳ ಮನೆಯ ಗೋಡೆ ಅದೇ ಕಲ್ಲು, ಬೇಸಿಗೆಯ ಗಾಳಿ ಎತ್ತಿ ತರುವ ಧೂಳೂ ಅದರದ್ದೇ. ದಿಬ್ಬ ಇಳಿದು ಭಾಲ್ಕಿಯ ದಾರಿ ಹಿಡಿದರೆ ನೆಲದ ಬಣ್ಣ ತಿರುಗುತ್ತದೆ. ಔರಾದ ಕಡೆ ಹೊರಟರೂ ಅಷ್ಟೇ, ದಾರಿಯ ಎರಡೂ ಬದಿಗೆ ಎರೆಹೊಲ. ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಅಂಟುವ ಕರಿಮಣ್ಣು. ಕೆಂಪು, ಕಪ್ಪು ಎರಡೂ ಬಟ್ಟೆಯ ಮೇಲೆ ಒಮ್ಮೆ ಕೂತರೆ ಸುಲಭಕ್ಕೆ ಏಳದ ಜಾತಿ. ಇಂಥ ನೆಲದಲ್ಲಿ ಬದುಕುವ ಜನ ಕಲೆ ಮುಚ್ಚುವ ಮಣ್ಣಿನ ಬಣ್ಣದ ಉಡುಪನ್ನು ಆರಿಸಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಮ್ಮ ಹಿರಿಯರು ಆರಿಸಿಕೊಂಡದ್ದು ಬಿಳಿಯನ್ನು.

ಔರಾದ ಬಸ್ ನಿಲ್ದಾಣದಲ್ಲಿ ಕೂತ ಮುದುಕರನ್ನು ಈಗಲೂ ನೋಡಬಹುದು: ಬಿಳಿ ಧೋತರ, ಬಿಳಿ ಅಂಗಿ, ತಲೆಯ ಮೇಲೆ ಬಿಳಿ ಟೊಪಿಗೆ. ಆಷಾಢದಲ್ಲಿ ಪಂಢರಪುರದ ಹಾದಿ ಹಿಡಿಯುವ ವಾರಕರಿಗಳು ಬಿಳಿ. ಶುಕ್ರವಾರದ ನಮಾಜಿಗೆ ಹೊರಟವರ ಕುರ್ತಾ ಪೈಜಾಮ ಬಿಳಿ. ಬುದ್ಧ ಪೂರ್ಣಿಮೆಯ ದಿನ ವಿಹಾರಕ್ಕೆ ಹೊರಟ ಹೆಣ್ಣುಮಕ್ಕಳ ಸೀರೆ ಬಿಳಿ. ದೇವರು, ಗುರು ಬೇರೆ ಬೇರೆ. ಅರಿವಿಯ ಬಣ್ಣ ಮಾತ್ರ ಒಂದೇ. ಅಷ್ಟೂ ಬಿಳಿಯನ್ನು ಈ ಮಣ್ಣಿನ ನಡುವೆ ವಾರವಾರವೂ ಮತ್ತೆ ಬೆಳ್ಳಗೆ ಮಾಡಿದ ಕೈಗಳು ರಸಾಯನಶಾಸ್ತ್ರ ಓದಿದ ಕೈಗಳಾಗಿರಲಿಲ್ಲ. ಆದರೂ ಆ ಕೈ ಮಾಡಿದ ಒಂದೊಂದು ಕೆಲಸದ ಹಿಂದೆ ಬೆಳಕು, ಮಣ್ಣು, ಕಣ್ಣು ಈ ಮೂರರ ದೊಡ್ಡ ಗುಟ್ಟುಗಳು ಅಡಗಿವೆ. ಬಕೀಟಿನ ಮುಂದೆ ಕೂತು ಇದನ್ನು ಯೋಚಿಸತೊಡಗಿದರೆ ಒಗೆಯುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಮೊದಲನೆಯ ಬೆರಗು ಇದು: ಬಿಳಿ ಬಟ್ಟೆಯಲ್ಲಿ ಬಿಳಿ ಎಂಬ ವಸ್ತುವೇ ಇಲ್ಲ. ಹಸಿರು ಸೀರೆಯಲ್ಲಿ ಹಸಿರು ಬಣ್ಣ ಇರುತ್ತದೆ, ಬೇಕೆಂದರೆ ನೀರಿಗೆ ಬಿಟ್ಟು ತೋರಿಸುತ್ತದೆ. ಧೋತರದ ನೂಲಿನಲ್ಲಿ ಅಂಥದ್ದೇನೂ ಇಲ್ಲ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಒಂದೇ ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬಣ್ಣವಿಲ್ಲದ, ಬೆಳಕು ಹಾದುಹೋಗುವ, ತಿರುಚಿಕೊಂಡ ಒಂದು ಪಟ್ಟಿ ಕಾಣುತ್ತದೆ. ಕಲ್ಲುಸಕ್ಕರೆಯ ಹರಳು ನೀರಿನಷ್ಟು ತಿಳಿ. ಅದನ್ನೇ ಒರಳಿಗೆ ಹಾಕಿ ಕುಟ್ಟಿದರೆ ಬೆಳ್ಳನೆಯ ಪುಡಿ. ಕುಟ್ಟುವಾಗ ಯಾರೂ ಬಿಳಿ ಬಣ್ಣ ಬೆರೆಸಿಲ್ಲ. ಒಂದು ಹರಳು ಸಾವಿರ ಚೂರಾಗಿ, ಒಂದೊಂದು ಚೂರಿನ ಅಂಚಿನಲ್ಲೂ ಬೆಳಕು ದಿಕ್ಕು ತಪ್ಪಿ, ಕಡೆಗೆ ಎಲ್ಲ ಬಣ್ಣಗಳನ್ನೂ ಹೊತ್ತುಕೊಂಡು ಹಾಗೇ ತಿರುಗಿ ಬಂದಿದೆ. ಧೋತರದ ಬಿಳಿಯೂ ಅದೇ ಬಗೆಯದು. ಲಕ್ಷಾಂತರ ಎಳೆ, ಎಳೆಎಳೆಯ ನಡುವೆ ಗಾಳಿ. ಒಳಗೆ ಹೋದ ಬೆಳಕು ಯಾವುದನ್ನೂ ಕಳೆದುಕೊಳ್ಳದೆ ಹೊರಗೆ ಬರುತ್ತದೆ. ಹಾಗೆ ತಿರುಗಿ ಬಂದ ಬೆಳಕಿಗೆ ನಾವು ಬಿಳಿ ಎನ್ನುತ್ತೇವೆ.

ನಂಬಿಕೆ ಬರದಿದ್ದರೆ ಒಗೆದ ಪಂಚೆಯನ್ನು ನೀರಲ್ಲಿ ಅದ್ದಿ ಎತ್ತಿ ನೋಡಿ. ಒದ್ದೆಯಾದ ಕ್ಷಣಕ್ಕೆ ಅದು ಮಂಕಾಗುತ್ತದೆ, ಹಿಂದೆ ಹಿಡಿದ ಕೈ ಕಾಣುವಷ್ಟು ತೆಳುವಾಗುತ್ತದೆ. ಕೊಳೆ ಬಂದು ಸೇರಿದ್ದಲ್ಲ. ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂತು. ಗಾಳಿಗೂ ಹತ್ತಿಗೂ ಬೆಳಕಿನ ವಿಷಯದಲ್ಲಿ ಇರುವಷ್ಟು ಅಂತರ ನೀರಿಗೂ ಹತ್ತಿಗೂ ಇಲ್ಲ. ಹೀಗಾಗಿ ಬೆಳಕು ಚದುರದೆ ಒಳಗೆ ಜಾರಿಹೋಯಿತು. ಒಣಗಿದ ಮೇಲೆ ಬಿಳಿ ತಾನಾಗಿ ಮರಳುತ್ತದೆ. ಹಿಂಡಿದ ಬಟ್ಟೆಯನ್ನು ಹಿಡಿದು ನೋಡಿ, ಇನ್ನೂ ಬೆಳ್ಳಗಾಗಿಲ್ಲವೆಂದು ಮತ್ತೆ ಮತ್ತೆ ಸೋಪಿನ ಪುಡಿ ಸುರಿಯುವವರು ಈ ಒಂದು ಸಂಗತಿ ತಿಳಿದರೆ ತಿಂಗಳಿಗೆ ಒಂದು ಪ್ಯಾಕೆಟ್ಟು ಉಳಿದೀತು.

ಅಂದ ಮೇಲೆ ಒಗೆಯುವವರು ಬಟ್ಟೆಗೆ ಬಿಳಿಯನ್ನು ಹಾಕುವುದಿಲ್ಲ. ಬೆಳಕಿನ ದಾರಿಗೆ ಅಡ್ಡ ಕೂತದ್ದನ್ನು ಎಬ್ಬಿಸಿ ಕಳಿಸುತ್ತಾರೆ. ಅಡ್ಡ ಕೂರುವವರು ಯಾರು ಎಂಬುದರಲ್ಲಿ ನಮ್ಮ ಜಿಲ್ಲೆಯ ಭೂಗೋಳವೆಲ್ಲ ಬಂದುಬಿಡುತ್ತದೆ.

ಭಾಲ್ಕಿ, ಔರಾದಿನ ಕರಿಮಣ್ಣಿನ ಜೇಡಿಯಲ್ಲಿ ಹೆಚ್ಚಿನದು ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ. ಅದರ ಕಣಗಳು ಅತಿ ಸಣ್ಣ ಪದರಗಳು, ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಕೈ ಹೋಗುವಷ್ಟು ಬಿರಿಯುವುದು ಇದರಿಂದಲೇ. ಒದ್ದೆ ಕೆಸರನ್ನು ಉಜ್ಜಿದರೆ ಆ ಪದರಗಳು ನೂಲಿನ ಸಂದಿಗೆ ಇಳಿದು ಕೂರುತ್ತವೆ. ಹೊಲದಿಂದ ಬಂದ ಧೋತರವನ್ನು ಮೊದಲು ಒಣಗಲು ಬಿಟ್ಟು, ಝಾಡಿಸಿ, ಆಮೇಲೆ ನೀರು ತೋರಿಸುವ ಪದ್ಧತಿಗೆ ಕಾರಣ ಇದು. ಇನ್ನು ಬೆರಗಿನ ಮಾತು: ಹಿಂದಿನ ಕಾಲದಲ್ಲಿ ಉಣ್ಣೆಯ ಜಿಡ್ಡು ತೆಗೆಯಲು ಬಳಸುತ್ತಿದ್ದ ಜೇಡಿಮಣ್ಣು, ನಮ್ಮ ಹುಡುಗಿಯರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ, ಇವೆಲ್ಲ ಇದೇ ಖನಿಜದ ಕುಲದವು. ಧೋತರಕ್ಕೆ ಕೊಳೆಯಾದ ಮಣ್ಣಿನ ದಾಯಾದಿಯೇ ಇನ್ನೊಂದು ಕಡೆ ಕೊಳೆ ತೆಗೆಯುವ ಮಣ್ಣು. ಎರೆಮಣ್ಣು ನೆನೆಸಿ ತಲೆಗೆ ಹಚ್ಚಿ ಎರೆದುಕೊಳ್ಳುತ್ತಿದ್ದ ಅಜ್ಜಿಯರಿಗೆ ಈ ನಂಟು ಖನಿಜದ ಹೆಸರಿಲ್ಲದೆಯೇ ಗೊತ್ತಿತ್ತು.

ಬೀದರದ ಕೆಂಪಿನ ಕತೆ ಬೇರೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಕರಿಕಲ್ಲೇ ಇಲ್ಲಿ ಎಲ್ಲದಕ್ಕೂ ಮೂಲ. ಭಾಲ್ಕಿಯ ಕಪ್ಪು ಅದರ ಮಗ, ಬೀದರದ ಕೆಂಪೂ ಅದರ ಮಗನೇ. ದಿಬ್ಬದ ಮೇಲೆ ಯುಗಯುಗಗಳ ಮಳೆ ಆ ಕಲ್ಲಿನಿಂದ ಸುಣ್ಣವನ್ನೂ ಸೋಡಿಯಂ ಮೆಗ್ನೀಸಿಯಂಗಳನ್ನೂ ಕರಗಿಸಿ ಒಯ್ದುಬಿಟ್ಟಿತು. ಕರಗಲಾರದ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಜಂಬಿಟ್ಟಿಗೆ ಎಂದರೆ ಮಳೆ ಲಕ್ಷಾಂತರ ವರ್ಷ ಒಗೆದ ಕಲ್ಲು. ಅಷ್ಟು ಒಗೆದರೂ ಬೆಳ್ಳಗಾಗಲಿಲ್ಲ, ರಕ್ತದ ಬಣ್ಣಕ್ಕೆ ಬಂದು ನಿಂತಿತು. ಆ ಕೆಂಪು ಕಬ್ಬಿಣದ ತುಕ್ಕಿನದು, ಸಾಬಣಕ್ಕೆ ಬಗ್ಗುವುದಿಲ್ಲ. ಬ್ಲೀಚಿಂಗ್ ಪೌಡರಿಗಂತೂ ಇಲ್ಲವೇ ಇಲ್ಲ; ಬೋರಿನ ನೀರಲ್ಲಿ ಕರಗಿದ ಕಬ್ಬಿಣವಿದ್ದರೆ ಬ್ಲೀಚು ಅದನ್ನೂ ತುಕ್ಕು ಮಾಡಿ ಬಟ್ಟೆಗೆ ಹಳದಿ ಮೆತ್ತುತ್ತದೆ. ಕಬ್ಬಿಣಕ್ಕೆ ಬೇಕಾದದ್ದು ಹುಳಿ. ನಿಂಬೆಹಣ್ಣಿನ ರಸ, ಮೇಲೆ ಚಿಟಿಕೆ ಉಪ್ಪು, ಒಂದಿಷ್ಟು ಬಿಸಿಲು, ಆಮೇಲೆ ಧಾರಾಳ ನೀರು. ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣದ ಕಣವನ್ನು ಅಪ್ಪಿ ಹಿಡಿದು ನೀರಿಗೆ ಇಳಿಸುತ್ತದೆ. ಊಟದ ತಟ್ಟೆಯ ಅಂಚಿನ ನಿಂಬೆಹೋಳಿನ ಮುಂದೆ ಕೋಟೆಯ ಕಲ್ಲಿನ ಬಣ್ಣ ಸೋಲುವುದನ್ನು ಒಮ್ಮೆ ನೋಡಬೇಕು.

ಆದರೆ ಕೆಂಪಿಗಿಂತ, ಕಪ್ಪಿಗಿಂತ ದೊಡ್ಡ ವೈರಿ ನೀರಿನೊಳಗೇ ಇದೆ, ಅದಕ್ಕೆ ಬಣ್ಣವೂ ಇಲ್ಲ. ಕರಿಕಲ್ಲಿನ ಬಿರುಕಿನಿಂದ ಬರುವ ಬೋರಿನ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ತರುತ್ತದೆ. ಅದರ ಪರೀಕ್ಷೆಗೆ ಪ್ರಯೋಗಶಾಲೆ ಬೇಡ, ನಮ್ಮದು ತೊಗರಿಯ ನಾಡು.

"ಈ ನೀರಾಗ ಬ್ಯಾಳಿನೇ ಕುದಿಯಂಗಿಲ್ಲ ವೈನಿ, ಸಾಬಣ ಎಲ್ಲಿ ನೊರಿ ಬಿಡ್ತದ?"

"ಮೊದ್ಲ ಸೋಡಾ ಹಾಕಿಡಬೇಕವ್ವಾ. ಒಂದ್ ತಾಸ್ ಬಿಟ್ಟು ಅರಿವಿ ಹಾಕು."

ಬೋರಿನ ಕಟ್ಟೆಯ ಮೇಲಿನ ಇಂಥ ಎರಡು ಮಾತಿನಲ್ಲಿ ಎಷ್ಟು ವಿಜ್ಞಾನ ಮುಗಿದುಹೋಗುತ್ತದೆ! ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿಗೆ ಕ್ಯಾಲ್ಸಿಯಂ ಕೂಡಿಕೊಂಡರೆ ಅದು ಬಿಗಿಯುತ್ತದೆ, ಬೇಳೆ ಕರಗುವುದಿಲ್ಲ. ಅದೇ ಕ್ಯಾಲ್ಸಿಯಂ ಸಾಬಣದೊಡನೆ ಕೂಡಿದರೆ ನೀರಲ್ಲಿ ಕರಗದ ಬೂದು ಕೆನೆಯಾಗುತ್ತದೆ. ಆ ಕೆನೆ ಪ್ರತಿ ವಾರವೂ ಒಂದು ತೆಳು ಪದರ ನೂಲಿನ ಮೇಲೆ ಬಿಟ್ಟುಹೋಗುತ್ತದೆ. ಹೊಸ ಬನಿಯನ್ ಆರು ತಿಂಗಳಿಗೆ ಬೂದಿಯ ಬಣ್ಣಕ್ಕೆ ತಿರುಗಿದರೆ ಮೈಕೊಳೆ ಹೆಚ್ಚಾಯಿತೆಂದು ಉಟ್ಟವರನ್ನು ಬೈಯುತ್ತೇವೆ. ತಪ್ಪು ಅನೇಕ ಸಲ ನೀರಿನದು. ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಈ ಜಗಳದಲ್ಲಿ ಮಧ್ಯೆ ಬಂದು ಕ್ಯಾಲ್ಸಿಯಮ್ಮನ್ನು ಸುಣ್ಣದ ಪುಡಿಯಾಗಿಸಿ ತಳಕ್ಕೆ ಕೂರಿಸುತ್ತದೆ. ಬಕೀಟಿಗೆ ಎರಡು ದೊಡ್ಡ ಚಮಚ ಸಾಕು, ನೀರು ಬಿಸಿಯಿದ್ದರೆ ಇನ್ನೂ ಒಳ್ಳೆಯದು. ಮೈಯೆಣ್ಣೆಯ ಜಿಡ್ಡನ್ನೂ ಅದು ಸಾಬಣವಾಗಿಸಿಬಿಡುತ್ತದೆ. ಕಾಲರಿನ ಹಳದಿ ಬಿಡುವುದು ಇದರಿಂದ. ಅಡುಗೆ ಸೋಡಾ ಇದರ ಸೌಮ್ಯ ತಮ್ಮ, ಅವನಿಂದ ಅಷ್ಟು ಕೆಲಸವಾಗದು. ಇತ್ತೀಚೆಗೆ ಎಲ್ಲರ ಮೊಬೈಲಿನಲ್ಲೂ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಎಬ್ಬಿಸುವ ವಿಡಿಯೊ ಓಡಾಡುತ್ತಿದೆ. ನೊರೆ ನೋಡಲು ಚೆಂದ. ಕ್ಷಾರ ಆಮ್ಲವನ್ನು ತಿಂದು, ಆಮ್ಲ ಕ್ಷಾರವನ್ನು ತಿಂದು, ಕಡೆಗೆ ಉಳಿಯುವುದು ಒಂದು ಬಗೆಯ ಉಪ್ಪುನೀರು. ಸೋಡಾಕ್ಕೆ ಸೋಡಾದ ಹೊತ್ತು ಕೊಡಬೇಕು, ಹುಳಿಗೆ ಹುಳಿಯ ಹೊತ್ತು.

ಇದೇ ಬೀದರದಲ್ಲಿ ಮೃದುವಾದ ನೀರೂ ಇದೆ ಎಂಬುದು ಮರೆತುಹೋಗುವ ಭಾಗ್ಯ. ದಿಬ್ಬದ ಮೇಲೆ ಬಿದ್ದ ಮಳೆ ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿಯುತ್ತದೆ, ಕೆಳಗಿನ ಕರಿಕಲ್ಲಿಗೆ ತಾಗಿ ಮುಂದೆ ದಾರಿಯಿಲ್ಲದೆ ಅಡ್ಡಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ನಾನಕ ಝೀರಾ, ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡುವ ನರಸಿಂಹ ಝರಣಿ, ಪಾಪನಾಶ, ಇವೆಲ್ಲ ಈ ನೆಲದ ನೀರಿನ ಬಾಗಿಲುಗಳು. ಬಹಮನಿಗಳ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದವರು ಇಂಥ ನೀರಿನ ಜಾಡನ್ನೇ ಹಿಡಿದರು. ಸುಣ್ಣ ಉಳಿಯದ ಕಲ್ಲಿನೊಳಗಿಂದ ಬಂದ ನೀರಿನಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಕಡಿಮೆ. ಮೇಲೆ ಧೂಳಾಗಿ ಬಟ್ಟೆ ಕೆಡಿಸುವ ಅದೇ ಜಂಬಿಟ್ಟಿಗೆ ಒಳಗೆ ಬಟ್ಟೆಗೆ ಒಳ್ಳೆಯ ನೀರನ್ನು ಸೋಸಿ ಇಡುತ್ತದೆ.

ಸೋಡಾ ಕಾರ್ಖಾನೆಯಿಂದ ಬರುವ ಮೊದಲು ಸವುಳು ಮಣ್ಣಿತ್ತು, ಬೂದಿ ಇತ್ತು. ಮಡಿವಾಳರ ಉಬ್ಬೆಯನ್ನು ನೋಡಿದವರು ಈಗ ಕಡಿಮೆ. ಗಡಿಯ ಕಡೆ ಅದಕ್ಕೆ ಭಟ್ಟಿ ಎನ್ನುತ್ತಾರೆ. ಸವುಳಿನ ನೀರಲ್ಲಿ ಅದ್ದಿ ಹಿಂಡಿದ ಅರಿವಿಗಳನ್ನು ದೊಡ್ಡ ಹಂಡೆಯ ಬಾಯಿಯ ಮೇಲೆ ಸುತ್ತು ಸುತ್ತಾಗಿ ಗುಡ್ಡೆ ಒಟ್ಟಿ, ಕೆಳಗೆ ಬೆಂಕಿ ಇಟ್ಟರೆ ರಾತ್ರಿಯಿಡೀ ಹಬೆ ಒಂದೊಂದು ಮಡಿಕೆಯನ್ನೂ ಹಾಯ್ದು ಮೇಲೇರುತ್ತದೆ. ಬೆಳಗಾಗುವಷ್ಟರಲ್ಲಿ ಕ್ಷಾರವೂ ಬಿಸಿಯೂ ಕೂಡಿ ಜಿಡ್ಡನ್ನು ಸಾಬಣ ಮಾಡಿರುತ್ತವೆ. ಆಮೇಲೆ ಹೊಳೆ, ಬಂಡೆ, ದಂಡೆಯ ಬಿಸಿಲು. ಯಾರ ಅರಿವಿ ಯಾವುದೆಂದು ಮರೆಯದಿರಲು ಕರಿ ಗೇರಿನ ರಸದಿಂದ ಮೂಲೆಯಲ್ಲಿ ಹಾಕಿದ ಗುರುತು ಮಾತ್ರ ಈ ಎಲ್ಲ ಕಾಟವನ್ನೂ ತಾಳಿಕೊಂಡು ಕಪ್ಪಗೇ ಇರುತ್ತಿತ್ತು. ಬಟ್ಟೆಯ ಎಲ್ಲ ಕಲೆಯನ್ನೂ ಕಳೆಯುವವರೇ ಎಂದೂ ಹೋಗದ ಒಂದು ಕಲೆಯನ್ನು ಬೇಕೆಂದು ಇಡುತ್ತಿದ್ದರು.

ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಯ್ಯ ಈ ಕಾಯಕದವನು. ಆ ಕಲ್ಯಾಣ ಇಂದಿನ ಬಸವಕಲ್ಯಾಣ, ನಮ್ಮದೇ ಜಿಲ್ಲೆ. ಶರಣರ ಬಟ್ಟೆ ಒಗೆದ, ಕಲಿದೇವರದೇವ ಎಂಬ ಅಂಕಿತದಲ್ಲಿ ವಚನ ಕಟ್ಟಿದ. ಕಲ್ಯಾಣ ಒಡೆದಾಗ ವಚನಗಳ ಕಟ್ಟುಗಳನ್ನು ಕಾಯುತ್ತ ಬಿಜ್ಜಳನ ಸೈನ್ಯದೊಡನೆ ಹೋರಾಡಿದ ಎನ್ನುತ್ತದೆ ಪರಂಪರೆ. ಪ್ರತಿ ಫೆಬ್ರವರಿ 1ಕ್ಕೆ ಅವನ ಜಯಂತಿ ಮಾಡುತ್ತೇವೆ, ಹಾರ ಹಾಕುತ್ತೇವೆ. ಅವನ ಕೈಗೆ ಗೊತ್ತಿದ್ದ ಕ್ಷಾರ, ಹಬೆ, ಬಿಸಿಲಿನ ತಿಳಿವಳಿಕೆಗೂ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಅರ್ಧ ಪುಟ ಕೊಟ್ಟರೆ ಆ ಹಾರಕ್ಕಿಂತ ಹೆಚ್ಚಿನ ಗೌರವವಾದೀತು ಎಂದು ನನ್ನ ಅನಿಸಿಕೆ.

ಬಿಸಿಲಿನ ಕೆಲಸವನ್ನು ನಾವು ಒಣಗಿಸುವುದಕ್ಕೆ ಮಾತ್ರ ಇಳಿಸಿಬಿಟ್ಟಿದ್ದೇವೆ. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದಾಗ ನೀರು, ಗಾಳಿಯ ಆಮ್ಲಜನಕ, ಬೆಳಕು ಮೂರೂ ಕೂಡಿ ಕಲೆಯ ಅಣುಗಳ ಕೊಂಡಿಗಳನ್ನು ಕಡಿಯುತ್ತವೆ. ಬಣ್ಣ ತೋರುತ್ತಿದ್ದ ಅಣು ತುಂಡಾದ ಮೇಲೆ ಅಲ್ಲೇ ಇದ್ದರೂ ಕಣ್ಣಿಗಿಲ್ಲ. ಅರಿಶಿನದ ಕಲೆ ಸಾಬಣಕ್ಕೆ ಕೆಂಪಾಗಿ ಸಿಟ್ಟು ತೋರಿಸಿ, ಬಿಸಿಲಿಗೆ ಮಾತ್ರ ಸದ್ದಿಲ್ಲದೆ ಕರಗುವುದು ಇದರಿಂದಲೇ. ಯುರೋಪಿನಲ್ಲಿ ಹದಿನೆಂಟನೆಯ ಶತಮಾನದವರೆಗೂ ನಾರುಬಟ್ಟೆಯನ್ನು ಬೆಳ್ಳಗೆ ಮಾಡಲು ಬೂದಿನೀರು, ಹುಳಿಮಜ್ಜಿಗೆ, ಹುಲ್ಲುಗಾವಲು, ಇಷ್ಟೇ ಸಾಧನ. ಹಾಲೆಂಡಿನ ಹಾರ್ಲೆಂ ಊರು ಇದಕ್ಕೆ ಹೆಸರಾಗಿತ್ತು. ತಿಂಗಳುಗಟ್ಟಲೆ ಬಟ್ಟೆ ಹುಲ್ಲಿನ ಮೇಲೆ ಮಲಗಿರುತ್ತಿತ್ತು. 1774ರಲ್ಲಿ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಕ್ಲೋರಿನ್ ಅನಿಲವನ್ನು ಕಂಡ, ಫ್ರಾನ್ಸಿನ ಬರ್ತೊಲೆ ಅದರಿಂದ ಬಟ್ಟೆ ಬೆಳ್ಳಗಾಗುವುದನ್ನು ತೋರಿಸಿದ, 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದ. ತಿಂಗಳ ಕೆಲಸ ದಿನಕ್ಕೆ ಇಳಿಯಿತು. ಪಂಚಾಯತಿಯವರು ಬಾವಿಗೆ ಹಾಕುವ ಪುಡಿಯ ಹುಟ್ಟು ಬಟ್ಟೆಯ ಬಿಳಿಯಲ್ಲಿದೆ. ಔರಾದಿನ ಏಪ್ರಿಲ್ ಬಿಸಿಲು ಇರುವಾಗ ನಮಗೇಕೆ ಅದರ ಅವಸರ? ಬ್ಲೀಚಿನಿಂದ ನೂಲೂ ಸವೆಯುತ್ತದೆ, ಕೈಯೂ ಸುಲಿಯುತ್ತದೆ. ಸೂರ್ಯನಿಂದ ಹೊರಟು ಹದಿನೈದು ಕೋಟಿ ಕಿಲೋಮೀಟರ್ ಬಂದ ಬೆಳಕು ಮಾಳಿಗೆಯ ಮೇಲಿನ ಹಗ್ಗಕ್ಕೆ ಹಾಕಿದ ಟೊಪಿಗೆಯ ಕಲೆಯನ್ನು ಕಡಿಯಲು ಬಂದು ನಿಂತಿದೆ, ಬಿಟ್ಟಿಯಾಗಿ.

ಇಷ್ಟಾದ ಮೇಲೂ ಹತ್ತಿಗೆ ಒಂದು ತೆಳು ಹಳದಿ ಉಳಿಯುತ್ತದೆ. ಅಲ್ಲಿ ನೀಲಿ ಬರುತ್ತದೆ, ಬೆರಗು ಅಲ್ಲಿ ತುದಿ ಮುಟ್ಟುತ್ತದೆ.

ಬಿಳಿ ಬೇಕಾದರೆ ನೀಲಿ ಹಾಕು ಎಂದು ಮೊದಲು ಯಾರಿಗೆ ಹೊಳೆಯಿತೋ! ಲೆಕ್ಕ ಹಾಕಿದರೆ ಇದು ತಿರುಗುಮುರುಗು. ಹಳದಿ ಛಾಯೆಯ ಬಟ್ಟೆ ನೀಲಿ ಬೆಳಕನ್ನು ಸ್ವಲ್ಪ ನುಂಗಿ ಮಿಕ್ಕದ್ದನ್ನು ತಿರುಗಿ ಕೊಡುತ್ತದೆ. ನೀಲಿಯ ಕಣ ಹಳದಿ ಬೆಳಕನ್ನು ನುಂಗುತ್ತದೆ. ಎರಡೂ ಸೇರಿದ ಮೇಲೆ ಬಟ್ಟೆಯಿಂದ ಬರುವ ಬೆಳಕು ಮೊದಲಿಗಿಂತ ಕಡಿಮೆ. ನಿಜವಾಗಿ ನೋಡಿದರೆ ಬಟ್ಟೆ ಒಂದು ಕೂದಲೆಳೆಯಷ್ಟು ಕಪ್ಪಾಗಿದೆ. ಕಣ್ಣು ಮಾತ್ರ ಬೆಳ್ಳಗಾಯಿತು ಎನ್ನುತ್ತದೆ, ಖುಷಿಪಡುತ್ತದೆ. ಬೆಳಕು ಕಳೆದರೂ ಬಣ್ಣ ಸಮನಾದರೆ ಕಣ್ಣಿಗೆ ತೃಪ್ತಿ. ಅದರಲ್ಲೂ ಕೊಂಚ ನೀಲಿಯ ಕಡೆ ವಾಲಿದರೆ ಇನ್ನಷ್ಟು.

ಆ ನೀಲಿ ಪುಡಿಯ ಹುಟ್ಟಂತೂ ಇನ್ನೊಂದು ಸೋಜಿಗ. ಅಫಘಾನಿಸ್ತಾನದ ಬದಖ್ಶಾನಿನಲ್ಲಿ ಸಿಗುವ ಲಾಜವರ್ದ ಕಲ್ಲನ್ನು ಅರೆದು ತೆಗೆದ ನೀಲಿ ಒಂದು ಕಾಲಕ್ಕೆ ಚಿತ್ರಕಾರರಿಗೆ ಬಂಗಾರದ ಬೆಲೆಯದಾಗಿತ್ತು. ಅದನ್ನು ಅಗ್ಗವಾಗಿ ಮಾಡಿ ತೋರಿಸಿದವರಿಗೆಂದು ಫ್ರಾನ್ಸಿನಲ್ಲಿ ಇಟ್ಟಿದ್ದ ಆರು ಸಾವಿರ ಫ್ರಾಂಕಿನ ಬಹುಮಾನ 1828ರಲ್ಲಿ ಗಿಮೆ ಎಂಬಾತನಿಗೆ ಸಂದಿತು. ಮಾಡುವ ಬಗೆ: ಬಿಳಿ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಕೂಡಿಸಿ ಕುಲುಮೆಯಲ್ಲಿ ಸುಡುವುದು. ಗಂಧಕ ಹಳದಿ, ಇದ್ದಿಲು ಕಪ್ಪು, ಮಣ್ಣು ಬಿಳಿ. ಹೊರಗೆ ಬರುವುದು ನೀಲಿ. ಜೇಡಿಯ ಹರಳಿನ ಪಂಜರದಲ್ಲಿ ಮೂರು ಮೂರು ಗಂಧಕದ ಪರಮಾಣುಗಳು ಸಿಕ್ಕಿಕೊಂಡು ಈ ಬಣ್ಣ ತೋರುತ್ತವೆ. ಅಂದರೆ ಹೊಲದ ಮಣ್ಣಿನಿಂದ ಕೆಟ್ಟ ಬಟ್ಟೆಗೆ ಕಡೆಯದಾಗಿ ನಾವು ಲೇಪಿಸುವುದೂ ಮಣ್ಣೇ! ಹುಳಿ ತಾಗಿದರೆ ಆ ಪಂಜರ ಒಡೆದು ನೀಲಿ ಹಾರಿಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನಿಂಬೆ ಹಚ್ಚಿದ ಬಟ್ಟೆಯನ್ನು ಚೆನ್ನಾಗಿ ಜಾಲಿಸದೆ ನೀ‌ಲಿಯ ಬಕೀಟಿಗೆ ಇಳಿಸಬಾರದು ಎನ್ನುವುದು ಇದಕ್ಕೆ. ಪುಡಿ ಕರಗುವ ಜಾತಿಯದಲ್ಲ, ನೀರಲ್ಲಿ ತೇಲುವ ಜಾತಿ. ಹಾಗಾಗಿಯೇ ತೆಳು ಅರಿವಿಯಲ್ಲಿ ಗಂಟು ಕಟ್ಟಿ ನೀರಲ್ಲಿ ಆಡಿಸುತ್ತಿದ್ದರು. ಇಲ್ಲದಿದ್ದರೆ ಧೋತರದ ಮೇಲೆ ಮೋಡದ ತುಂಡುಗಳು. ಬಾಟಲಿಯಲ್ಲಿ ಬರುವ ಈಗಿನ ನೀಲಿ ಬೇರೆ, ಅದು ಕರಗಿದ ಬಣ್ಣ, ನೇರಳೆಯ ಕಡೆ ವಾಲಿದ್ದು. ಕೇರಳದ ತ್ರಿಶ್ಶೂರಿನ ಕಡೆಯಿಂದ 1983ರಲ್ಲಿ ಹೊರಟ ಉಜಾಲಾ ಹತ್ತಾರು ವರ್ಷದಲ್ಲಿ ಪುಡಿಯನ್ನು ಕಿರಾಣಿ ಅಂಗಡಿಯ ಮೂಲೆಗೆ ಸರಿಸಿತು.

ಸೋಪಿನ ಪುಡಿಯಲ್ಲೇ ಬೆರೆತು ಬರುವ ಹೊಳಪಿನ ರಾಸಾಯನಿಕಗಳು ಇನ್ನೊಂದು ಆಟ ಹೂಡುತ್ತವೆ. ಟಿನೋಪಾಲ್ ಹೆಸರು ಹಳಬರಿಗೆ ನೆನಪಿದ್ದೀತು. ಅವು ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ನುಂಗಿ ಕಾಣುವ ನೀಲಿ ಬೆಳಕಾಗಿ ಉಗುಳುತ್ತವೆ. ತನ್ನ ಮೇಲೆ ಬಿದ್ದ ಕಾಣುವ ಬೆಳಕಿಗಿಂತ ಹೆಚ್ಚನ್ನು ತಿರುಗಿ ಕೊಡುವ ಬಟ್ಟೆ! ನೀಲಿಯ ಪುಡಿ ಬೆಳಕನ್ನು ಕಳೆದು ಮೆಚ್ಚಿಸಿತು, ಇದು ಕೂಡಿಸಿ ಮೆಚ್ಚಿಸುತ್ತದೆ. ನನಗೆ ಮಾತ್ರ ಮದುವೆಮನೆಯ ದೀಪದಡಿ ಆ ಅಂಗಿಗಳು ಉರಿಯುವುದು ಅಷ್ಟಾಗಿ ಸೇರದು. ಹತ್ತಿಯ ಬಿಳಿಗೆ ಒಂದು ಸಮಾಧಾನ ಇರುತ್ತದೆ, ಇದಕ್ಕಿಲ್ಲ.

ನೀಲಿಯಿಂದ ಬಿಳಿಯನ್ನು ಎತ್ತಿ ತೋರಿಸುವ ಈ ಜಾಣತನ ನಮ್ಮ ಊರಿಗೆ ಹೊಸದೇನಲ್ಲ. ಇರಾನಿನ ಗೀಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಉಳಿದ ಮೆರುಗಿನ ಬಿಲ್ಲೆಗಳನ್ನು ನೋಡಿ. ದಟ್ಟ ನೀಲಿಯ ನೆಲದ ಮೇಲೆ ಬಿಳಿ ಅಕ್ಷರ. ಕೋಟೆಯ ರಂಗೀನ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಶತಮಾನಗಳ ಧೂಳಿನ ಮೇಲೂ ಅದು ಹೊಳೆಯುತ್ತದೆ. ಇನ್ನು ಬಿದರಿ. ಹೆಚ್ಚು ಸತುವು, ಚೂರು ತಾಮ್ರ ಕೂಡಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿಯ ತಂತಿ ಕೂರಿಸಿದಾಗ ಬೆಳ್ಳಿಗೂ ಸತುವಿಗೂ ವ್ಯತ್ಯಾಸವೇ ಕಾಣದು, ಎರಡೂ ಬೂದು ಬಿಳಿ. ಕಡೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಮಳೆ ಬಿಸಿಲು ಕಾಣದ ಆ ಮಣ್ಣನ್ನು ಕಸುಬಿನವರು ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸುತ್ತಾರೆ. ಸತುವು ಕಾಡಿಗೆಯ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗದು. ಯಾರೂ ಬೆಳ್ಳಿಯನ್ನು ಮುಟ್ಟಿಲ್ಲ. ಪಕ್ಕದ್ದು ಕಪ್ಪಾಯಿತು, ಬೆಳ್ಳಿ ಬೆಳಗಿತು. ಓಣಿಯಲ್ಲಿ ಒಬ್ಬರು ಮಣ್ಣಿನಿಂದ ಕಪ್ಪು ಮಾಡಿ ಬಿಳಿಯನ್ನು ಗೆಲ್ಲಿಸುತ್ತಾರೆ, ಹಿತ್ತಲಲ್ಲಿ ಇನ್ನೊಬ್ಬರು ಮಣ್ಣು ಕಳೆದು ನೀಲಿಯಿಟ್ಟು ಗೆಲ್ಲಿಸುತ್ತಾರೆ. ಇಬ್ಬರಿಗೂ ತಿಳಿದ ಸಂಗತಿ ಒಂದೇ: ಬಿಳಿ ತಾನೊಂದೇ ನಿಂತು ಬಿಳಿಯಾಗದು, ಅದಕ್ಕೆ ನೆರೆ ಬೇಕು.

ಇದರ ಕಟ್ಟಕಡೆಯ ಸಾಕ್ಷಿ ಬೆಳದಿಂಗಳು. ಹುಣ್ಣಿಮೆಯ ಚಂದ್ರನ ಬೆಳಕು ನಡುಹಗಲಿನ ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಹಗಲಲ್ಲಿ ಭಾಲ್ಕಿಯ ಎರೆಹೊಲ ಕಣ್ಣಿಗೆ ಕಳಿಸುವ ಬೆಳಕಿನ ಮುಂದೆ, ರಾತ್ರಿ ಅದೇ ಹೊಲದ ಬದುವಿನ ಮೇಲೆ ನಡೆದು ಹೋಗುವವನ ಧೋತರ ಕಳಿಸುವುದು ಸಾವಿರ ಸಾವಿರ ಪಾಲು ಕಡಿಮೆ. ಬೆಳಕನ್ನೇ ಅಳೆದರೆ ಹಗಲಿನ ಕರಿಮಣ್ಣು ಆ ಧೋತರಕ್ಕಿಂತ ಎಷ್ಟೋ ಬೆಳ್ಳಗೆ. ಆದರೂ ಹಗಲಲ್ಲಿ ಮಣ್ಣನ್ನು ಕಪ್ಪೆಂದೇ ಕಾಣುತ್ತೇವೆ, ರಾತ್ರಿ ಧೋತರವನ್ನು ಬಿಳಿಯೆಂದೇ ಕಾಣುತ್ತೇವೆ, ಒಮ್ಮೆಯೂ ತಪ್ಪುವುದಿಲ್ಲ. ಕಣ್ಣು ಬೆಳಕಿನ ಮೊತ್ತವನ್ನು ನೋಡುವುದೇ ಇಲ್ಲ, ಸುತ್ತಲಿನದರೊಡನೆ ಹೋಲಿಸಿ ತೀರ್ಮಾನ ಹೇಳುತ್ತದೆ. ಕರಿಮಣ್ಣಿನ ಜನ ಬಿಳಿಯನ್ನು ಉಟ್ಟದ್ದು ಯಾಕೆಂದು ಈಗ ನನಗೆ ಒಂದು ಊಹೆ ಬರುತ್ತದೆ. ಇಷ್ಟು ಒಳ್ಳೆಯ ಕಪ್ಪು ನೆರೆ ಸಿಕ್ಕಿರುವಾಗ ಬಿಳಿ ಬಿಟ್ಟು ಬೇರೆ ಏನು ಉಟ್ಟಾರು?

ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ಬ್ಲೀಚಿಗೆ ನಿಂಬೆಯನ್ನಾಗಲಿ, ವಿನೆಗರನ್ನಾಗಲಿ, ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನಾಗಲಿ ಎಂದೂ ಬೆರೆಸಬೇಡಿ. ಬರುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಇನ್ನೊಂದು, ಬರುವ ಮುಂಗಾರಿನಲ್ಲಿ ಒಂದೆರಡು ಮಳೆ ಹೋಗಿ ಮಾಳಿಗೆ ತೊಳೆದ ಮೇಲೆ ಪೈಪಿನ ಕೆಳಗೆ ಒಂದು ಡ್ರಮ್ ಇಡಿ. ಆ ನೀರಲ್ಲಿ ಸುಣ್ಣವಿಲ್ಲ, ಕಬ್ಬಿಣವಿಲ್ಲ. ಬಿಳಿ ಅರಿವಿಯ ಕಡೆಯ ಜಾಲಿಕೆಗೆ ಅದನ್ನು ಎತ್ತಿಡಿ. ಬೋರಿನ ನೀರಿಗೆ ಹಾಕುತ್ತಿದ್ದ ಸೋಡಾದಲ್ಲಿ, ನೀಲಿಯಲ್ಲಿ ಅರ್ಧ ಸಾಕಾದೀತು.